ಹೊಟ್ಟೆಗೆ ಕತ್ತರಿ ಹಾಕುವ ಮೊದಲು

ಆರೋಗ್ಯ ವಿಮೆಯ ಪಾಲಿಸಿಯಲ್ಲಿ ಬೊಜ್ಜಿನ ಶಸ್ತ್ರಚಿಕಿತ್ಸೆಗೆ ಯಾವಾಗ ಹಣ ಸಿಗುತ್ತದೆ ಎಂಬ ನಿಯಮವೊಂದಿದೆ. ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಎಲ್ಲ ಕಂಪನಿಗಳಿಗೂ ಒಂದೇ ರೀತಿ ಇರಲಿ ಎಂದು ಬರೆದುಕೊಟ್ಟದ್ದು. ವೈದ್ಯರ ಸಲಹೆ ಇರಬೇಕು, ವಯಸ್ಸು 18 ತುಂಬಿರಬೇಕು, ಬಿಎಂಐ 40 ಮುಟ್ಟಿರಬೇಕು. 35 ಮುಟ್ಟಿ 40ರೊಳಗಿದ್ದರೆ ಜೊತೆಗೆ ಹೃದ್ರೋಗವೋ, ತೀವ್ರ ಸ್ಲೀಪ್ ಆಪ್ನಿಯಾವೋ, ಹತೋಟಿಗೆ ಬಾರದ ಟೈಪ್ 2 ಮಧುಮೇಹವೋ ಇರಬೇಕು. ಅಲ್ಲೇ ಇನ್ನೊಂದು ಷರತ್ತನ್ನೂ ಸೇರಿಸಿದ್ದಾರೆ: ದೇಹವನ್ನು ಕೊಯ್ಯದೆ ತೂಕ ಇಳಿಸುವ ದಾರಿಗಳು ಅದಕ್ಕೂ ಮೊದಲು ವಿಫಲವಾಗಿರಬೇಕು.

ಒಳ್ಳೆಯ ಷರತ್ತು. ನನ್ನ ವಿಷಯದಲ್ಲಿ ಅದನ್ನು ಹೇಗೆ ಪೂರೈಸಿದರು ಎಂಬುದನ್ನು ಹೇಳುತ್ತೇನೆ. ನಾನು ಮಂಡ್ಯದ ಖಾಸಗಿ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ, ವಯಸ್ಸು 51. ಎತ್ತರ 158 ಸೆಂಟಿಮೀಟರ್. ಆಗಿನ ತೂಕ 96 ಕಿಲೋ, ಅಂದರೆ ಬಿಎಂಐ 38ಕ್ಕೂ ಮೇಲೆ. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 9.1. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್, ಬಿಪಿಗೆ ಇನ್ನೊಂದು ಮಾತ್ರೆ. ಮಂಡಿ ನೋವಿಗೆಂದು ಬೆಂಗಳೂರಿನ ಆಸ್ಪತ್ರೆಯೊಂದಕ್ಕೆ ಹೋದವಳಿಗೆ ಜಠರದ ಬಹುಪಾಲನ್ನು ಕತ್ತರಿಸಿ ತೆಗೆಯುವ ಸ್ಲೀವ್ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಿ ಎಂದರು. ನಾಲ್ಕೂವರೆ ಲಕ್ಷದ ಅಂದಾಜು ಪಟ್ಟಿ ಕೈಗೆ ಬಂತು. ನಮ್ಮ ಯಜಮಾನರ ಕಂಪನಿಯ ವಿಮೆಗೆ ಕಳಿಸುವ ಅರ್ಜಿಯನ್ನು ಸಹಾಯಕರೊಬ್ಬರು ತುಂಬಿದರು. ಆಹಾರ ನಿಯಂತ್ರಣ, ವ್ಯಾಯಾಮ ಎಂಬ ಸಾಲಿನ ಮುಂದೆ ‘ಪ್ರಯತ್ನಿಸಲಾಗಿದೆ, ಫಲ ಸಿಕ್ಕಿಲ್ಲ’ ಎಂದು ಬರೆದರು. ಏನು ಪ್ರಯತ್ನ ಮಾಡಿದಿರಿ, ಎಷ್ಟು ದಿನ ಮಾಡಿದಿರಿ, ಯಾರು ಹೇಳಿಕೊಟ್ಟರು ಎಂದು ಯಾರೂ ಕೇಳಲಿಲ್ಲ.

ಅಲ್ಲಿಯವರೆಗೆ ನನಗೆ ಸಿಕ್ಕಿದ್ದ ಆಹಾರ ಚಿಕಿತ್ಸೆ ಎಂದರೆ ಒಂದು ಜೆರಾಕ್ಸ್ ಹಾಳೆ. ಸಿಹಿ ಬಿಡಿ, ಎಣ್ಣೆ ಕಡಿಮೆ ಮಾಡಿ, ರಾತ್ರಿ ಅನ್ನದ ಬದಲು ಚಪಾತಿ ಇರಲಿ, ರಾಗಿ ಒಳ್ಳೆಯದು, ಅರ್ಧ ಗಂಟೆ ನಡೆಯಿರಿ. ಅದನ್ನು ವರ್ಷಗಟ್ಟಲೆ ಪಾಲಿಸಿದ್ದೆ. ಸಕ್ಕರೆಯೂ ಇಳಿದಿರಲಿಲ್ಲ, ತೂಕವೂ ಇಳಿದಿರಲಿಲ್ಲ. ಈ ಹಾಳೆಯನ್ನು ಕೊಟ್ಟು, ಅದು ಕೆಲಸ ಮಾಡಲಿಲ್ಲ ಎಂಬುದನ್ನೇ ಆಧಾರ ಮಾಡಿಕೊಂಡು ಒಬ್ಬರ ಹೊಟ್ಟೆಯ ಮುಕ್ಕಾಲು ಭಾಗ ತೆಗೆಯುವುದು ಸರಿಯಲ್ಲ ಎಂಬುದು ನನ್ನ ವಾದ. ಊಟ ಬದಲಿಸುವ ಪ್ರಯತ್ನವನ್ನು ಒಂದು ಚಿಕಿತ್ಸೆಯ ಹಾಗೆ ನಡೆಸಿದ ಮೇಲಷ್ಟೇ ಅದು ವಿಫಲವಾಯಿತು ಎನ್ನುವ ಹಕ್ಕು ಬರುತ್ತದೆ.

ಶಸ್ತ್ರಚಿಕಿತ್ಸೆಯನ್ನು ಹಳಿಯಲು ನಾನು ಹೊರಟಿಲ್ಲ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಿರುತೆರೆಯ ಯುವ ನಟಿಯೊಬ್ಬರು ಕೊಬ್ಬು ತೆಗೆಸಿಕೊಳ್ಳಲು ಹೋಗಿ ತೀರಿಕೊಂಡಾಗಿನಿಂದ ನಮ್ಮ ಕಡೆ ಬೊಜ್ಜಿನ ಆಪರೇಷನ್ ಎಂದರೆ ಜನ ಬೆಚ್ಚುತ್ತಾರೆ. ಚರ್ಮದಡಿಯ ಕೊಬ್ಬು ಹೀರುವುದು ಬೇರೆ, ಜಠರದ ಶಸ್ತ್ರಚಿಕಿತ್ಸೆ ಬೇರೆ. ಸ್ಲೀವ್ ಮಾಡಿದಾಗ ಜಠರ ಕಿರಿದಾಗುವುದಷ್ಟೇ ಅಲ್ಲ, ಹಸಿವು ಹುಟ್ಟಿಸುವ ಗ್ರೆಲಿನ್ ಹಾರ್ಮೋನೂ ತಗ್ಗುತ್ತದೆ. ಅದರ ಪರಿಣಾಮ ನಿಜವಾದದ್ದು. ಸ್ವೀಡನ್ನಿನಲ್ಲಿ 1987ರಿಂದ ನಡೆದ ದೊಡ್ಡ ಅಧ್ಯಯನವೊಂದು, ತೀವ್ರ ಬೊಜ್ಜಿರುವವರಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಉಳಿದವರಿಗಿಂತ ಹೆಚ್ಚು ಕಾಲ ಬದುಕಿದ್ದನ್ನು ತೋರಿಸಿದೆ. ನಮ್ಮ ಸಹೋದ್ಯೋಗಿಯೊಬ್ಬರ ಅಕ್ಕ 138 ಕಿಲೋ ಇದ್ದರು, ರಾತ್ರಿ ಉಸಿರು ಕಟ್ಟಿ ಎದ್ದು ಕೂರುತ್ತಿದ್ದರು. ಆಪರೇಷನ್ ಅವರ ಜೀವ ಉಳಿಸಿತು. ಇವತ್ತಿಗೂ ಅವರು ಬಿ12 ಚುಚ್ಚುಮದ್ದು, ಕಬ್ಬಿಣ, ಕ್ಯಾಲ್ಸಿಯಂ ತಪ್ಪಿಸುವಂತಿಲ್ಲ, ಆದರೆ ಮೆಟ್ಟಿಲು ಹತ್ತುತ್ತಾರೆ, ಮೊಮ್ಮಗನನ್ನು ಎತ್ತಿಕೊಳ್ಳುತ್ತಾರೆ. ಅಂಥವರಿಗೆ ಆ ದಾರಿ ತೆರೆದೇ ಇರಬೇಕು.

ನನಗೆ ಬೇರೆ ದಾರಿ ತೋರಿಸಿದವರು ಮಂಡ್ಯದ ಒಬ್ಬ ಫಿಜಿಶಿಯನ್. ಕಾಗದಗಳನ್ನೆಲ್ಲ ನೋಡಿ, “ಆರು ತಿಂಗಳು ನನಗೆ ಕೊಡಿ. ಆಮೇಲೂ ಬೇಕು ಅನ್ನಿಸಿದರೆ ಆಪರೇಷನ್ನಿಗೆ ನಾನೇ ಪತ್ರ ಬರೆದುಕೊಡ್ತೀನಿ” ಎಂದರು. ಮಾತ್ರೆಯ ವಿಷಯ ಎತ್ತುವ ಮೊದಲೇ ಅವರು ಕೇಳಿದ್ದು ನಿನ್ನೆ ಬೆಳಗಿನಿಂದ ಏನೇನು ತಿಂದಿರಿ, ಎಷ್ಟೆಷ್ಟು ತಿಂದಿರಿ ಎಂದು. ಅಡುಗೆಮನೆಗೆ ಒಂದು ಸಣ್ಣ ತಕ್ಕಡಿ ತಂದು ತೂಗಿ ಬರೆಯಿರಿ ಎಂದರು.

ಬರೆದೆ. ಬೆಳಿಗ್ಗೆ ಚಿತ್ರಾನ್ನ, ಮಧ್ಯಾಹ್ನ ಡಬ್ಬಿಯಲ್ಲಿ ಅನ್ನ ಸಾರು, ಸಂಜೆ ಸಕ್ಕರೆ ಹಾಕಿದ ಟೀ ಜೊತೆ ನಾಲ್ಕು ಬಿಸ್ಕತ್ತು, ರಾತ್ರಿ ಮುದ್ದೆ, ಕೊನೆಗೆ ಒಂದು ಹಿಡಿ ಮೊಸರನ್ನ. ನನ್ನ ಒಂದು ಮುದ್ದೆಗೆ 150 ಗ್ರಾಂ ಹಿಟ್ಟು ಹಿಡಿಯುತ್ತಿತ್ತು. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ಹತ್ತಿರ ಹತ್ತಿರ 70 ಗ್ರಾಂ ಕಾರ್ಬೋಹೈಡ್ರೇಟ್, ಪ್ರೋಟೀನು ಏಳೇ ಗ್ರಾಂ. ಅಕ್ಕಿಯಲ್ಲಿ ಕಾರ್ಬೋಹೈಡ್ರೇಟ್ 78 ಗ್ರಾಂ. ರಾಗಿಯಲ್ಲಿ ನಾರು ಹೆಚ್ಚು, ಕ್ಯಾಲ್ಸಿಯಂ ಧಾರಾಳ, ಆ ಗುಣಗಳನ್ನು ಯಾರೂ ಕಸಿಯಲಾರರು. ಆದರೆ ಪಿಷ್ಟದ ಲೆಕ್ಕದಲ್ಲಿ ಅದು ಅಕ್ಕಿಯಿಂದ ಬಹಳ ದೂರವಿಲ್ಲ. ‘ಶುಗರ್ ಇದೆಯಾ, ಹಾಗಾದರೆ ಅನ್ನ ಬಿಟ್ಟು ಮುದ್ದೆ ತಿನ್ನಿ’ ಎಂಬ ಮಾತನ್ನು ನಮ್ಮ ಜಿಲ್ಲೆಯಲ್ಲಿ ಕೇಳದ ಮನೆಯಿಲ್ಲ. ಎಷ್ಟು ಮುದ್ದೆ ಎಂದು ಮಾತ್ರ ಯಾರೂ ಹೇಳುವುದಿಲ್ಲ. ಎಲ್ಲ ಕೂಡಿಸಿದರೆ ದಿನಕ್ಕೆ 350 ಗ್ರಾಂ ಕಾರ್ಬೋಹೈಡ್ರೇಟ್ ಬಂತು. ಪ್ರೋಟೀನು ಐವತ್ತೂ ಮುಟ್ಟಲಿಲ್ಲ.

ಇದು ನನ್ನೊಬ್ಬಳ ಊಟವಲ್ಲ. ಐಸಿಎಂಆರ್-ಇಂಡಿಯಾಬ್ ಎಂಬ ದೇಶವ್ಯಾಪಿ ಅಧ್ಯಯನದ 2025ರ ವರದಿಯ ಪ್ರಕಾರ ಭಾರತೀಯರ ದಿನದ ಕ್ಯಾಲೊರಿಯಲ್ಲಿ ಸುಮಾರು ಶೇ 62 ಕಾರ್ಬೋಹೈಡ್ರೇಟಿನಿಂದಲೇ ಬರುತ್ತದೆ, ಅದರಲ್ಲೂ ಹೆಚ್ಚಿನ ಪಾಲು ಬಿಳಿ ಅಕ್ಕಿ, ಹಿಟ್ಟು, ಸಕ್ಕರೆಯದು. ಅದೇ ಅಧ್ಯಯನ 2023ರಲ್ಲಿ ದೇಶದ ಮಧುಮೇಹಿಗಳ ಸಂಖ್ಯೆಯನ್ನು 10 ಕೋಟಿಯ ಮೇಲೆ ಎಂದು ಅಂದಾಜು ಮಾಡಿತ್ತು. ಹಿಟ್ಟು ತಿಂದವರು ಬೆಟ್ಟ ಕಿತ್ತಿಟ್ಟಾರು ಎಂಬ ಮಾತು ನಮ್ಮಜ್ಜನಿಗೆ ಸುಳ್ಳಾಗಿರಲಿಲ್ಲ. ಅವರು ಬೆಳಕು ಹರಿಯುವ ಮುಂಚೆ ಕಬ್ಬಿನ ಗದ್ದೆಗೆ ಇಳಿದು ಕತ್ತಲಾದ ಮೇಲೆ ಮನೆಗೆ ಬರುತ್ತಿದ್ದರು. ನಾನು ಬಸ್ಸಿನಲ್ಲಿ ಶಾಲೆಗೆ ಹೋಗಿ, ಬೋರ್ಡಿನ ಮುಂದೆ ನಿಂತು, ಮನೆಗೆ ಬಂದು ಉತ್ತರಪತ್ರಿಕೆ ತಿದ್ದುವವಳು. ದುಡಿಮೆ ಬದಲಾಗಿದೆ, ಮುದ್ದೆಯ ಗಾತ್ರ ಹಾಗೇ ಉಳಿದಿದೆ.

ಕಾರ್ಬೋಹೈಡ್ರೇಟಿಗೆ ಡಾಕ್ಟರು ಹಾಕಿದ ಮಿತಿ ದಿನಕ್ಕೆ 80 ಗ್ರಾಂ ಆಸುಪಾಸು. ಕೀಟೋ ಎಂದು ಕರೆಯುವಷ್ಟು ಬಿಗಿಯಲ್ಲ. ಅಲ್ಲಿ 20ರಿಂದ 50 ಗ್ರಾಂ ಒಳಗಿರಬೇಕು. ಪ್ರೋಟೀನು ಮಾತ್ರ 70 ಗ್ರಾಂ ಹತ್ತಿರ ಬರಲೇಬೇಕು ಎಂದರು. ನಮ್ಮ ಕಡೆಯ ಅಡುಗೆಯಲ್ಲಿ ಇದಕ್ಕೆ ಜಾಗವಿದೆ ಎಂದು ಗೊತ್ತಾದದ್ದು ಆಗಲೇ. ಬಸ್ಸಾರು ಮಾಡಿದ ದಿನ ಬಸಿದ ಸೊಪ್ಪು ಕಾಳನ್ನು ತಟ್ಟೆಯ ಅಂಚಿಗೆ ಒಂದು ಚಮಚ ಹಾಕಿಕೊಳ್ಳುವುದು ರೂಢಿ. ನಾನು ಅದನ್ನೇ ಒಂದು ಬಟ್ಟಲು ತುಂಬ ತಿನ್ನತೊಡಗಿದೆ, ಕಾಳು ಕಡಿಮೆ, ಸೊಪ್ಪು ಜಾಸ್ತಿ, ಮೇಲೆ ಒಂದು ಹಿಡಿ ಕಾಯಿತುರಿ. ಬೆಳಿಗ್ಗೆ ಎರಡು ಮೊಟ್ಟೆ, ಈರುಳ್ಳಿ ಹಸಿಮೆಣಸಿನ ಜೊತೆ. ಸೋಮವಾರ ಶನಿವಾರ ನಮ್ಮಲ್ಲಿ ಮೊಟ್ಟೆ ಮುಟ್ಟುವುದಿಲ್ಲ, ಆ ದಿನ ಪನೀರು. ಹುರಿದ ಕಡಲೆಕಾಯಿ ಬೀಜ, ಗಟ್ಟಿ ಮೊಸರು, ನೀರುಮಜ್ಜಿಗೆ, ಸೌತೆಕಾಯಿ. ರಾತ್ರಿ ಕೋಳಿ ಸಾರೋ ಮೀನೋ ಇದ್ದರೆ ಬರೀ ಅದು, ಇಲ್ಲದಿದ್ದರೆ ಹೀರೆಕಾಯಿ, ಬದನೆಕಾಯಿ, ಹುರುಳಿಕಾಯಿ ಪಲ್ಯದ ಜೊತೆ ಪನೀರು. ಮೊದಲ ನಾಲ್ಕು ತಿಂಗಳು ಮುದ್ದೆ, ಅನ್ನ ಎರಡೂ ಇಲ್ಲ. ಈಗ ಮಧ್ಯಾಹ್ನಕ್ಕೆ 40 ಗ್ರಾಂ ಹಿಟ್ಟಿನ ಒಂದು ಪುಟ್ಟ ಮುದ್ದೆ.

ಪೂರಾ ಸಸ್ಯಾಹಾರಿಗಳಿಗೆ ಇದು ಇನ್ನೂ ಕಷ್ಟ ಎಂಬುದನ್ನು ಮುಚ್ಚಿಡಬಾರದು. ಬೇಳೆಯಲ್ಲಿ ಪ್ರೋಟೀನಿದೆ ಎಂದು ಎಲ್ಲರೂ ಹೇಳುತ್ತಾರೆ. ನೂರು ಗ್ರಾಂ ಹುರುಳಿ ಕಾಳಿನಲ್ಲಿ ಸುಮಾರು 22 ಗ್ರಾಂ ಪ್ರೋಟೀನು ಇರುವುದು ನಿಜ, ಅದರ ಜೊತೆ ಐವತ್ತಕ್ಕೂ ಹೆಚ್ಚು ಗ್ರಾಂ ಕಾರ್ಬೋಹೈಡ್ರೇಟೂ ಬರುತ್ತದೆ. ಹಾಗಾಗಿ ಅವರಿಗೆ ಮಿತಿಯನ್ನು ಸ್ವಲ್ಪ ಸಡಿಲಿಸಬೇಕಾಗುತ್ತದೆ, ಪನೀರು, ಮೊಸರು, ಸೋಯಾ, ಬೀಜಗಳನ್ನು ಹೆಚ್ಚು ನೆಚ್ಚಬೇಕಾಗುತ್ತದೆ. ಒಬ್ಬೊಬ್ಬರ ಮನೆಯ ಅಡುಗೆಗೂ ಬೇರೆ ಬೇರೆ ಲೆಕ್ಕ ಬೇಕು, ಒಂದು ಜೆರಾಕ್ಸ್ ಹಾಳೆಯಿಂದ ಅದು ಆಗದು.

ಓದುಗರು ಇಲ್ಲಿ ದಯವಿಟ್ಟು ನಿಧಾನವಾಗಿ ಓದಬೇಕು. ಮಧುಮೇಹಕ್ಕೆ ಮಾತ್ರೆಯೋ ಇನ್ಸುಲಿನ್ನೋ ತೆಗೆದುಕೊಳ್ಳುವವರು ಪೇಪರಿನಲ್ಲಿ ಓದಿದೆ ಎಂದು ನಾಳೆಯೇ ಅನ್ನ ಬಿಡಬಾರದು. ನನ್ನ ಡಾಕ್ಟರು ಮೊದಲ ದಿನವೇ ಗ್ಲಿಮೆಪಿರೈಡನ್ನು ಅರ್ಧಕ್ಕೆ ಇಳಿಸಿದರು, ಎರಡನೇ ವಾರ ನಿಲ್ಲಿಸಿಯೇಬಿಟ್ಟರು. ಊಟದಲ್ಲಿ ಪಿಷ್ಟ ಇಲ್ಲದೆ ಆ ಮಾತ್ರೆ ಹಾಗೇ ಮುಂದುವರಿದರೆ ಸಕ್ಕರೆ ಕುಸಿದು ಮನುಷ್ಯ ನೆಲಕ್ಕೆ ಬೀಳಬಹುದು. ಇನ್ಸುಲಿನ್ನಿಗೂ ಇದೇ ಮಾತು. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆಗಳ ಅಪಾಯ ಇನ್ನೂ ಮೋಸದ್ದು: ಸಕ್ಕರೆ ಹೆಚ್ಚೇನೂ ಏರದೆಯೇ ರಕ್ತದಲ್ಲಿ ಕೀಟೋನು ಆಮ್ಲ ತುಂಬಿ ಐಸಿಯುವರೆಗೆ ಒಯ್ಯಬಹುದು. ಬಿಪಿ ಇಳಿದಾಗ ಬಿಪಿ ಮಾತ್ರೆಯನ್ನೂ ತಗ್ಗಿಸಬೇಕಾಗುತ್ತದೆ. ಗರ್ಭಿಣಿಯರು, ಕಿಡ್ನಿ ಕಾಯಿಲೆ ಇರುವವರು, ಟೈಪ್ 1 ಮಧುಮೇಹಿಗಳು ತಜ್ಞರ ಕಣ್ಗಾವಲಿಲ್ಲದೆ ಇದಕ್ಕೆ ಕೈ ಹಾಕಲೇಬಾರದು. ಕೆಲವರಲ್ಲಿ ಎಲ್‌ಡಿಎಲ್ ಕೊಲೆಸ್ಟರಾಲ್ ಏರುತ್ತದೆ, ಅದನ್ನೂ ನೋಡುತ್ತಿರಬೇಕು. ಮೊಬೈಲಿನಲ್ಲಿ ಬೆಣ್ಣೆ ಕಾಫಿ, ಪುಡಿ ಡಬ್ಬಿ ಮಾರುತ್ತಾ ಕೆಲವೇ ವಾರದಲ್ಲಿ ತೆಳ್ಳಗಾಗಿ ಎನ್ನುವವರು ಇದ್ಯಾವುದನ್ನೂ ಹೇಳುವುದಿಲ್ಲ. ಅವರ ಮೇಲೆ ನನಗಿರುವ ಸಿಟ್ಟು ಆ ಜೆರಾಕ್ಸ್ ಹಾಳೆಯ ಮೇಲಿರುವುದಕ್ಕಿಂತ ಹೆಚ್ಚು.

ಮೊದಲ ವಾರ ತೂಕ ಸರಸರ ಇಳಿಯಿತು. ಡಾಕ್ಟರು ಮೊದಲೇ ಎಚ್ಚರಿಸಿದ್ದರು, ಅದು ಬಹುಪಾಲು ನೀರು. ದೇಹ ಕೂಡಿಟ್ಟುಕೊಳ್ಳುವ ಪ್ರತಿ ಗ್ರಾಂ ಗ್ಲೈಕೋಜನ್ನಿನ ಜೊತೆ ಸುಮಾರು ಮೂರು ಗ್ರಾಂ ನೀರಿರುತ್ತದೆ, ಅದು ಖಾಲಿಯಾದಾಗ ನೀರೂ ಹೋಗುತ್ತದೆ. ನಿಜವಾದ ಇಳಿಕೆ ತಿಂಗಳಿಗೆ ಎರಡು ಕಿಲೋ, ಕೆಲವು ತಿಂಗಳು ಅದೂ ಇಲ್ಲ. ನನಗೆ ಹೆಚ್ಚು ಆಶ್ಚರ್ಯವಾದದ್ದು ಹಸಿವಿನ ವಿಷಯದಲ್ಲಿ. ಬೆಳಿಗ್ಗೆ ಮೊಟ್ಟೆ ತಿಂದ ದಿನ ಹನ್ನೊಂದು ಗಂಟೆಗೆ ಕೈ ನಡುಗುವುದು, ಸ್ಟಾಫ್ ರೂಮಿನಲ್ಲಿ ಬಿಸ್ಕತ್ತು ಹುಡುಕುವುದು ನಿಂತೇಹೋಯಿತು. ಒಂದೂವರೆ ವರ್ಷದಲ್ಲಿ 96 ಇದ್ದದ್ದು 74ಕ್ಕೆ ಬಂದು ನಿಂತಿದೆ. ಎಚ್‌ಬಿಎ1ಸಿ 6.2. ಉಳಿದಿರುವುದು ಮೆಟ್‌ಫಾರ್ಮಿನ್ ಒಂದೇ. ಬಿಎಂಐ ಲೆಕ್ಕದಲ್ಲಿ ನಾನು ಇನ್ನೂ ದಪ್ಪವೇ, ಏಷ್ಯಾದವರಿಗೆ 25ಕ್ಕೇ ಬೊಜ್ಜಿನ ಗೆರೆ ಎಳೆದಿದ್ದಾರೆ. ಮಂಡಿ ನೋವು ಪೂರ್ತಿ ಹೋಗಿಲ್ಲ, ಆದರೆ ನೆಲದ ಮೇಲೆ ಕೂತು ಏಳುತ್ತೇನೆ.

ಮನೆಯೊಳಗಿನ ಕಷ್ಟವೇ ದೊಡ್ಡದು. “ಒಂದು ತುತ್ತು ಮುದ್ದೆ ಇಲ್ದೆ ಹೆಂಗವ್ವ ನಿದ್ದೆ ಬತ್ತದೆ” ಎಂದು ಅತ್ತೆ ತಿಂಗಳುಗಟ್ಟಲೆ ಕೊರಗಿದರು. ಬೀಗರೂಟಕ್ಕೆ ಹೋಗಿ ಬರೀ ಮಾಂಸದ ತುಂಡು ಹಾಕಿಸಿಕೊಂಡರೆ ಬಡಿಸುವವರು ಮುಖ ನೋಡುತ್ತಾರೆ, ದೇವಸ್ಥಾನದ ಪುಳಿಯೋಗರೆ ಬೇಡ ಎಂದರೆ ದೇವರಿಗೇ ಬೇಡ ಎಂದ ಹಾಗೆ. ಒಂದು ಮನೆಯಲ್ಲಿ ಹೆಂಗಸು ತನ್ನ ಆರೋಗ್ಯಕ್ಕಾಗಿ ಬೇರೆ ತಟ್ಟೆ ಹಾಕಿಕೊಳ್ಳುವುದನ್ನು ನಾವು ಇನ್ನೂ ಜಂಬ ಎಂದೇ ತಿಳಿಯುತ್ತೇವೆ. ಗಂಡಸಿಗೆ ಶುಗರ್ ಬಂದರೆ ಇಡೀ ಮನೆ ಅಡುಗೆ ಬದಲಿಸುತ್ತದೆ.

ಅನ್ನ ಬಿಟ್ಟರೆ ಸಾಕು, ಪವಾಡ ನಡೆಯುತ್ತದೆ ಎಂದು ನಾನು ಹೇಳುತ್ತಿಲ್ಲ. ಈ ಪದ್ಧತಿ ನಿನ್ನೆ ಮೊನ್ನೆಯದೂ ಅಲ್ಲ. ವಿಲಿಯಂ ಬ್ಯಾಂಟಿಂಗ್ ಎಂಬ ಲಂಡನ್ನಿನವರು ವೈದ್ಯರ ಮಾತಿನಂತೆ ಬ್ರೆಡ್ಡು, ಸಕ್ಕರೆ, ಬಿಯರು, ಆಲೂಗಡ್ಡೆ ಬಿಟ್ಟು ತೂಕ ಇಳಿಸಿಕೊಂಡು 1863ರಲ್ಲೇ ಒಂದು ಪುಸ್ತಿಕೆ ಬರೆದಿದ್ದರು. ಈಚಿನ ಪರೀಕ್ಷೆಗಳು ಇನ್ನೂ ಎಚ್ಚರದ ಮಾತಾಡುತ್ತವೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ 609 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಕೊಬ್ಬು ಕಡಿಮೆ, ಇನ್ನೊಂದಕ್ಕೆ ಕಾರ್ಬೋಹೈಡ್ರೇಟ್ ಕಡಿಮೆ ಇರುವ ಊಟ ಕಲಿಸಿತು. 2018ರಲ್ಲಿ ಬಂದ ಫಲಿತಾಂಶ: ವರ್ಷದ ಕೊನೆಗೆ ಮೊದಲ ಗುಂಪು ಸರಾಸರಿ 5.3 ಕಿಲೋ, ಎರಡನೆಯದು 6 ಕಿಲೋ ಇಳಿದಿತ್ತು. ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಎರಡೂ ಗುಂಪಿಗೆ ಸಕ್ಕರೆ, ಮೈದಾ ಬಿಟ್ಟು ತರಕಾರಿ ಹೆಚ್ಚು ತಿನ್ನಲು ಹೇಳಿದ್ದರು, ವರ್ಷವಿಡೀ ಕೂರಿಸಿಕೊಂಡು ಕಲಿಸಿದ್ದರು ಎಂಬುದನ್ನು ಮರೆಯಬಾರದು.

ನನ್ನ ವಾದಕ್ಕೆ ಹೆಚ್ಚು ಹತ್ತಿರದ್ದು ಬ್ರಿಟನ್ನಿನ ಡೈರೆಕ್ಟ್ ಎಂಬ ಪರೀಕ್ಷೆ. ಅಲ್ಲಿ ಕೊಟ್ಟದ್ದು ನಾನು ತಿಂದಂಥ ಊಟವಲ್ಲ, ದಿನಕ್ಕೆ 850 ಕ್ಯಾಲೊರಿಯ ಆಸುಪಾಸಿನ ಪಾನೀಯದ ಪುಡಿ, ಮೂರರಿಂದ ಐದು ತಿಂಗಳು. ಆದರೆ ಕೊಟ್ಟವರು ಯಾರು ಎಂಬುದು ಮುಖ್ಯ: ಊರಿನ ಸಾಮಾನ್ಯ ಕ್ಲಿನಿಕ್ಕುಗಳ ನರ್ಸುಗಳು, ಆಹಾರ ತಜ್ಞರು. ಹೀಗೆ ಬೆನ್ನಿಗೆ ನಿಂತು ನಡೆಸಿದ ಗುಂಪಿನಲ್ಲಿ ವರ್ಷದ ಕೊನೆಗೆ ಶೇ 46 ಜನ ಮಾತ್ರೆಯಿಲ್ಲದೆ ಮಧುಮೇಹದ ಗೆರೆಯಿಂದ ಹೊರಗೆ ಬಂದಿದ್ದರು. ಎಂದಿನ ಚಿಕಿತ್ಸೆಯ ಗುಂಪಿನಲ್ಲಿ ಶೇ 4. ಎರಡನೇ ವರ್ಷಕ್ಕೆ 46 ಇದ್ದದ್ದು 36 ಆಯಿತು, ತೂಕ ಮರಳಿದವರಲ್ಲಿ ಕಾಯಿಲೆಯೂ ಮರಳಿತು. ಊಟದ ಚಿಕಿತ್ಸೆಗೆ ಕೊನೆಯ ದಿನಾಂಕ ಇಲ್ಲ. ಶಸ್ತ್ರಚಿಕಿತ್ಸೆಯ ನಂತರದ ಬದುಕಿಗೂ ಇಲ್ಲ.

ನನ್ನನ್ನು ಬಹಳ ಯೋಚನೆಗೆ ಹಚ್ಚಿದ್ದು ಸಹೋದ್ಯೋಗಿಯ ಅಕ್ಕ ತೋರಿಸಿದ ಫೈಲು. ಆಪರೇಷನ್ನಿಗೆ ಮುಂಚಿನ ಎರಡು ವಾರ ಅವರಿಗೆ ಅನ್ನ, ಹಿಟ್ಟು, ಸಕ್ಕರೆ ಬಿಡಿಸಿದ್ದರು. ಊದಿದ ಯಕೃತ್ತು ಕುಗ್ಗಿದರೆ ಸರ್ಜನ್ನರ ಉಪಕರಣಕ್ಕೆ ಜಾಗವಾಗುತ್ತದೆ ಎಂದು ಇದನ್ನು ಬಹಳ ಕಡೆ ಮಾಡಿಸುತ್ತಾರೆ. ಆಪರೇಷನ್ನಾದ ಮೇಲಿನ ಪಟ್ಟಿಯಲ್ಲಿ ಇದ್ದದ್ದು ಇಷ್ಟು: ಮೊದಲು ಪ್ರೋಟೀನು, ದಿನಕ್ಕೆ 60 ಗ್ರಾಂಗೆ ಕಡಿಮೆ ಇರಕೂಡದು, ಆಮೇಲೆ ತರಕಾರಿ, ಹೊಟ್ಟೆಯಲ್ಲಿ ಜಾಗ ಉಳಿದರೆ ಕೊನೆಗೆ ಅನ್ನ. ವಾರ ವಾರ ಆಹಾರ ತಜ್ಞೆ ಫೋನು ಮಾಡಿ ವಿಚಾರಿಸುತ್ತಿದ್ದರು. ಹೊಟ್ಟೆ ಕೊಯ್ಯುವ ಹದಿನೈದು ದಿನ ಮೊದಲು ಮತ್ತು ಕೊಯ್ದ ಮೇಲೆ ಜೀವನಪೂರ್ತಿ ಕೊಡುವ ಈ ಊಟವನ್ನು, ಈ ಫೋನು ಕರೆಯನ್ನು, ಅದಕ್ಕೂ ಮೊದಲಿನ ಒಂದು ವರ್ಷ ಯಾಕೆ ಕೊಡುವುದಿಲ್ಲ?

ಉತ್ತರ ಹಣದಲ್ಲಿದೆ. ಆಸ್ಪತ್ರೆಗೆ ದಾಖಲಾದರೆ ವಿಮೆ ಲಕ್ಷಗಟ್ಟಲೆ ಕೊಡುತ್ತದೆ. ಮಂಡ್ಯದಿಂದ ಮೈಸೂರಿಗೆ ಹೋಗಿ ನಾನು ಕಂಡ ಆಹಾರ ತಜ್ಞೆಯ 600 ರೂಪಾಯಿ ಫೀಸು ಯಾವ ವಿಮೆಯ ಲೆಕ್ಕಕ್ಕೂ ಬರಲಿಲ್ಲ. ಮೊಟ್ಟೆ, ಪನೀರು, ಕಡಲೆಕಾಯಿ ಬೀಜಕ್ಕೆ ತಿಂಗಳ ಖರ್ಚು ಎರಡೂವರೆ ಸಾವಿರದಷ್ಟು ಏರಿತು. ನಮಗೆ ಇಬ್ಬರ ಸಂಬಳವಿದೆ. ನಮ್ಮ ಬೀದಿಯಲ್ಲಿ ಗಾರೆ ಕೆಲಸಕ್ಕೆ ಹೋಗುವ ಹೆಣ್ಣುಮಗಳಿಗೂ ನನ್ನಷ್ಟೇ ಶುಗರ್ ಇದೆ, ಅವಳ ಮನೆ ನಡೆಯುವುದು ಪಡಿತರ ಅಕ್ಕಿಯ ಮೇಲೆ. 2013ರಲ್ಲಿ ಶುರುವಾದ ಅನ್ನಭಾಗ್ಯ ಹಸಿವನ್ನು ಹಿಂದಕ್ಕೆ ತಳ್ಳಿದೆ, ಅದನ್ನು ಕಡಿಮೆ ಮಾಡಿ ಎಂದು ಹೊಟ್ಟೆ ತುಂಬಿದ ನಾನು ಹೇಳಲಾರೆ. ಆದರೆ ಅಕ್ಕಿಯಷ್ಟೇ ಅಗ್ಗವಾಗಿ ಅವಳಿಗೆ ಮೊಟ್ಟೆಯೂ ಬೇಳೆಯೂ ಸಿಗುವವರೆಗೆ, ಅನ್ನ ಬಿಡು ಎಂಬ ಉಪದೇಶ ಅವಳ ಪಾಲಿಗೆ ಕ್ರೌರ್ಯ. ಶಾಲೆಯ ಮಕ್ಕಳಿಗೆ ಮೊಟ್ಟೆ ಕೊಡುವುದಕ್ಕೂ ತಕರಾರು ತೆಗೆಯುವವರು ಈ ಹೆಂಗಸಿನ ಅಡುಗೆಮನೆಯನ್ನು ಒಮ್ಮೆ ನೋಡಬೇಕು.

ನನ್ನ ಮಾತಿಗೆ ಬರಬಹುದಾದ ಆಕ್ಷೇಪ ನನಗೆ ಗೊತ್ತಿದೆ. ಅಮೆರಿಕದಲ್ಲಿ ವಿಮಾ ಕಂಪನಿಗಳು ‘ಮೊದಲು ಆರು ತಿಂಗಳು ಡಯಟ್ ಮಾಡಿ ಬನ್ನಿ’ ಎಂಬ ಷರತ್ತನ್ನೇ ಅಡ್ಡಗೋಡೆ ಮಾಡಿಕೊಂಡವು, ತುರ್ತಾಗಿ ಶಸ್ತ್ರಚಿಕಿತ್ಸೆ ಬೇಕಾದವರು ಕಾಯುತ್ತಾ ಕೂರಬೇಕಾಯಿತು ಎಂದು ಅಲ್ಲಿನ ಬೊಜ್ಜು ಶಸ್ತ್ರಚಿಕಿತ್ಸಕರ ಸಂಘವೇ ಬಲವಾಗಿ ವಿರೋಧಿಸಿದೆ. ಅವರ ವಿರೋಧ ನ್ಯಾಯವಾದದ್ದು. ರೋಗಿಯನ್ನು ಅಲೆದಾಡಿಸಿ ಹಣ ಉಳಿಸುವ ಷರತ್ತು ನನಗೂ ಬೇಡ. ಉಸಿರು ಕಟ್ಟುವವರಿಗೆ, ಹೃದಯ ಸೋಲುತ್ತಿರುವವರಿಗೆ ವೈದ್ಯರು ನೇರ ಆಪರೇಷನ್ ಎಂದರೆ ವಿಮೆ ಎರಡನೇ ಮಾತಾಡಬಾರದು. ಉಳಿದವರಿಗೆ ಊಟದ ಚಿಕಿತ್ಸೆಯ ಬಿಲ್ಲನ್ನು ವಿಮೆಯೇ ಕಟ್ಟಬೇಕು: ಆಹಾರ ತಜ್ಞರ ಭೇಟಿ, ರಕ್ತ ಪರೀಕ್ಷೆ, ಮಾತ್ರೆ ಹೊಂದಿಸುವ ವೈದ್ಯರ ಫೀಸು. ತಾಲ್ಲೂಕು ಆಸ್ಪತ್ರೆಗಳ ಎನ್‌ಸಿಡಿ (ಸಾಂಕ್ರಾಮಿಕವಲ್ಲದ ಕಾಯಿಲೆಗಳ) ಕ್ಲಿನಿಕ್ಕಿನಲ್ಲಿ ಮಾತ್ರೆ ಕೊಡುವ ಕೌಂಟರಿನ ಪಕ್ಕ ಕನ್ನಡದಲ್ಲಿ, ಮುದ್ದೆ ಬಸ್ಸಾರಿನ ಭಾಷೆಯಲ್ಲಿ ಮಾತಾಡುವ ಒಬ್ಬ ಆಹಾರ ತಜ್ಞರು ಕೂರಬೇಕು.

ನಮ್ಮ ಯಜಮಾನರ ಕಂಪನಿಯ ಗುಂಪು ವಿಮೆ ಏಪ್ರಿಲ್‌ನಲ್ಲಿ ನವೀಕರಣಕ್ಕೆ ಬರುತ್ತದೆ. ಅಲ್ಲಿನ ನೌಕರರ ಪರವಾಗಿ ಒಂದು ಮನವಿ ಕೊಟ್ಟಿದ್ದೇವೆ. ಅದರ ಮೊದಲ ಬೇಡಿಕೆ, ಆ ಅರ್ಜಿಯಲ್ಲಿ ‘ಪ್ರಯತ್ನಿಸಲಾಗಿದೆ’ ಎಂಬ ಸಾಲಿನ ಕೆಳಗೆ ಇನ್ನು ಮೂರು ಸಾಲು ಸೇರಿಸಬೇಕು: ಯಾವ ಊಟ, ಎಷ್ಟು ತಿಂಗಳು, ಯಾರ ಮೇಲ್ವಿಚಾರಣೆಯಲ್ಲಿ. ಎರಡನೆಯದು, ಆ ಮೂರನ್ನು ಪ್ರಾಮಾಣಿಕವಾಗಿ ತುಂಬಲು ಬೇಕಾದ ಖರ್ಚನ್ನು ಹೊರರೋಗಿ ಚಿಕಿತ್ಸೆಯ ಲೆಕ್ಕದಲ್ಲಿ ಕೊಡಬೇಕು. ಹೀಗೆ ಕೊಟ್ಟರೆ ಪ್ರೀಮಿಯಂ ಎಷ್ಟು ಏರುತ್ತದೆ ಎಂದು ಯಜಮಾನರ ಕಂಪನಿಯವರು ವಿಮಾ ಕಂಪನಿಯನ್ನು ಕೇಳಿದ್ದಾರೆ, ಅದರ ಲೆಕ್ಕ ಇನ್ನೂ ಬರಬೇಕಿದೆ.